ಕಾಕಾ ಕಂಡ ಕೆಂಪು ಚುಕ್ಕಿ

ಇಲ್ಲದ ನಕ್ಷತ್ರವೊಂದನ್ನು ಈ ಚಳಿಗಾಲದಲ್ಲಿ ನಮ್ಮ ಕಾಕಾ ಕಂಡೇಬಿಟ್ಟರು!

ತಿರ್ಲಾಪುರದ ಚಿಗವ್ವನ ಮನೆಗೆ ಹೋಗಿದ್ದೆ. ಚಿಗವ್ವ ಅಂದರೆ ಅವ್ವನ ತಂಗಿ. ಕಾಕಾ ಆಕೆಯ ಗಂಡ. ಆಕೆ ಆಗಷ್ಟೇ ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡಿದ್ದಳು. ಕಾಕಾ ಮಾತ್ರ "ನನ್ನ ಕಣ್ಣಿಗೇನ ಆಗೇತಿ?" ಎನ್ನುತ್ತ ಸಂಜೆಗತ್ತಲಲ್ಲೂ ಬೈಕ್ ಓಡಿಸುತ್ತಿದ್ದರು. ಹಿಂದಿನ ವಾರವಷ್ಟೇ, ರಸ್ತೆಯಲ್ಲಿ ನಿಂತಿದ್ದ ಎಮ್ಮೆಗೆ ಗುದ್ದುವುದು ಸ್ವಲ್ಪದರಲ್ಲಿ ತಪ್ಪಿತ್ತು. (ಕಾಕಾರ ಪ್ರಕಾರ ತಪ್ಪು ಎಮ್ಮೆಯದು. ಬಣ್ಣ ಕಪ್ಪು!)

ಸಂಜೆ ಕರೆಂಟ್ ಹೋಯಿತು. ಮೂವರೂ ಮಾಳಿಗೆ ಹತ್ತಿದೆವು.

"ಯವ್ವಾ! ಇಷ್ಟೆಲ್ಲಾ ಚುಕ್ಕಿ ಎಲ್ಲಿದ್ವೋ ತಮ್ಮಾ?" ಚಿಗವ್ವ ಕತ್ತು ಇಳಿಸಲೇ ಇಲ್ಲ. ನಾನು ನಕ್ಷತ್ರ ತೋರಿಸುವ ಆ್ಯಪ್ ತೆರೆದೆ. "ಅದನ್ನ ಆರಿಸೋ, ಕಣ್ಣಿಗೆ ಹೊಡೀತೈತಿ," ಎಂದು ಗದರಿದಳು.

ಆಮೇಲೆ ಕೃತ್ತಿಕೆಯ ಪುಟ್ಟ ಗುಂಪು ತೋರಿಸಿ ಗಂಡನನ್ನು ಕೇಳಿದಳು: "ಅಲ್ಲಿ ಎಷ್ಟ ಅದಾವ, ಎಣಸ್ರಿ."

"ಆರು!" ಕಾಕಾ ತಲೆ ಎತ್ತುವ ಮೊದಲೇ ಅಂದರು. ಷಣ್ಮುಖನಿಗೆ ಹಾಲುಣಿಸಿದ ಕೃತ್ತಿಕೆಯರು ಆರು ಮಂದಿ ಎಂಬುದು ಪುರಾಣ ಕೇಳಿದ ಯಾರಿಗೆ ಗೊತ್ತಿಲ್ಲ?

ಚಿಗವ್ವ ಆಕಾಶದ ಖಾಲಿ ಮೂಲೆಗೆ ಬೆರಳು ಮಾಡಿದಳು. "ಅಲ್ಲೊಂದು ಕೆಂಪ ಚುಕ್ಕಿ. ಕಾಣಾಕತ್ತೈತೇನ್ರಿ?"

"ಅಗದಿ ಚೊಲೋ ಕಾಣಾಕತ್ತೈತಿ!"

ಅಲ್ಲಿ ಏನೂ ಇರಲಿಲ್ಲ. ನಾನು ನಕ್ಕುಬಿಟ್ಟೆ. ಚಿಗವ್ವ ನಗಲಿಲ್ಲ.

"ಇಲ್ಲದ ಚುಕ್ಕಿ ಕಾಣತೈತಿ, ಇದ್ದ ಎಮ್ಮಿ ಕಾಣೂದಿಲ್ಲ. ನಾಳೆ ಎಮ್ಮಿ ಜಾಗಾದಾಗ ಮನಷ್ಯಾ ಇದ್ರ?"

ಕಾಕಾ ಮೆಲ್ಲಗೆ, "ಖರೇ ಹೇಳಬೇಕಂದ್ರ ನನಗ ಒಂದೂ ಕಾಣವಲ್ದು. ಆಪರೇಷನ್ ಅಂದ್ರ ಹೆದರಿಕಿ," ಎಂದರು.

"ನಾ ಬಾಜೂಕ ಇರತೇನಿ. ಹೋಗೂಣು ನಡೀರಿ."

ಹೋದರು. ಒಂದು ಕಣ್ಣಿನ ಆಪರೇಷನ್ ಮುಗಿದಿದೆ, ಇನ್ನೊಂದು ಬಾಕಿ. ಈಗ ದಿನಾ ಸಂಜೆ ಗಂಡ-ಹೆಂಡತಿ ಇಬ್ಬರೂ ಮಾಳಿಗೆಯ ಮೇಲೆ. ಫೋನ್ ಮಾಡಿದರೆ ಚಿಗವ್ವ, "ಆಮ್ಯಾಲೆ ಮಾಡೋ, ಚುಕ್ಕಿ ನೋಡಾಕತ್ತೇವಿ," ಎಂದು ಇಟ್ಟೇಬಿಡುತ್ತಾಳೆ!

ಬರಿಗಣ್ಣಿಗೊಂದು ಮಿತಿ ಇದೆ. ಎಷ್ಟೇ ಚುರುಕಾದ ಕಣ್ಣಾದರೂ ತೀರಾ ಮಸುಕಾದ ನಕ್ಷತ್ರಗಳು ಅದಕ್ಕೆ ಕಾಣವು. ದುರ್ಬೀನು ಹಿಡಿದರೆ ಕೃತ್ತಿಕೆಯ ಗುಂಪಿನಲ್ಲೇ ಇನ್ನೂ ಎಷ್ಟೋ ಕಾಣುತ್ತವೆ. ಕಾಣದಿರುವುದು ಅವಮಾನವೇನಲ್ಲ.

ಆದರೂ ‘ನನಗೆ ಕಾಣಿಸ್ತಿಲ್ಲ’ ಎನ್ನಲು ನಮಗೆ ಯಾಕಿಷ್ಟು ಕಷ್ಟ?