ಊಟದ ಪಂಕ್ತಿ ಇಲ್ಲದ ಮದುವೆ

ಮದುವೆ ವಿಡಿಯೋ ಎಡಿಟ್ ಮಾಡುತ್ತಿದ್ದ ಕಾಲದಲ್ಲಿ ಊಟದ ಪಂಕ್ತಿ ಬಂತೆಂದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಕ್ಯಾಮೆರಾದವನು ದೊಡ್ಡ ಲೈಟು ಹಚ್ಚಿಕೊಂಡು ಸಾಲಿನ ಈ ತುದಿಯಿಂದ ಆ ತುದಿಗೆ ನಡೆಯುತ್ತಾನೆ. ಬಾಯಲ್ಲಿ ತುತ್ತು ಇಟ್ಟುಕೊಂಡವರು ಅಗಿಯುವುದನ್ನು ಬಿಟ್ಟು ಪೆಚ್ಚಾಗಿ ನೋಡುತ್ತಾರೆ. ಒಂದು ಮದುವೆಗೆ ಇಂಥದ್ದು ಅರ್ಧ ತಾಸು. ಇದನ್ನು ಯಾವ ಪುಣ್ಯಾತ್ಮರು ನೋಡುತ್ತಾರೋ ಎಂದು ಬೈದುಕೊಂಡೇ ಕತ್ತರಿಸುತ್ತಿದ್ದೆ. ಹಾಗೆ ಕತ್ತರಿಸಿ ಎಸೆದ ಒಂದು ಪಂಕ್ತಿಯ ಸಂಕಟ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಎರಡು ಸಾವಿರದ ಆರೋ ಏಳೋ ಇರಬೇಕು. ಧಾರವಾಡದಿಂದ ಮದುವೆಯಾಗಿ ಬಂದ ನಾನು ಮುಂಬಯಿ ಹತ್ತಿರದ ಡೊಂಬಿವಲಿಯ ಎರಡು ಕೋಣೆಯ ಮನೆಯಲ್ಲಿ ಈ ಕೆಲಸ ಹಿಡಿದಿದ್ದೆ. ಗಂಡ ರಬಾಳೆಯ ಕಾರ್ಖಾನೆಗೆ ಹೊರಟ ಮೇಲೆ ಕಂಪ್ಯೂಟರ್ ಹಚ್ಚಿ ಕೂರುವುದು. ಕಲ್ಯಾಣದ ಒಬ್ಬ ಮರಾಠಿ ಕ್ಯಾಮೆರಾಮನ್ ಟೇಪುಗಳನ್ನು ತಂದು ಸುರಿಯುತ್ತಿದ್ದ, ಕೆಲಸ ಮುಗಿದ ಮೇಲೆ ಅವೇ ಟೇಪುಗಳನ್ನು ಒಯ್ದು ಅವುಗಳ ಮೇಲೆಯೇ ಮುಂದಿನ ಮದುವೆ ತೆಗೆಯುತ್ತಿದ್ದ. ನನ್ನ ಹಾರ್ಡ್ ಡಿಸ್ಕಿನಲ್ಲೂ ಒಂದು ಮದುವೆ ಅಳಿಸದೆ ಇನ್ನೊಂದಕ್ಕೆ ಜಾಗವಿರುತ್ತಿರಲಿಲ್ಲ.

ಆ ಸಲದ ಮದುವೆ ಉಡುಪಿ ಕಡೆಯವರದು. ಹುಡುಗಿಯ ತಂದೆಗೆ ಠಾಣೆಯಲ್ಲಿ ಹೋಟೆಲು. ಒಂದು ದಿನ ಅವರೇ ಮೂರು ಮಹಡಿ ಹತ್ತಿ, ಏದುಸಿರು ಬಿಡುತ್ತಾ ನಮ್ಮ ಮನೆಗೆ ಬಂದರು.

"ನೋಡಿ ಅಮ್ಮಾ, ಒಂದೇ ಡಿಸ್ಕಲ್ಲಿ ಮಾಡಿ ಕೊಡಿ. ಎರಡು ಕೊಟ್ರೆ ಎರಡನೇದನ್ನು ಯಾರೂ ಹಾಕುದಿಲ್ಲ. ನಮ್ಮ ಅಣ್ಣನ ಮಗನ ಮದುವೆದು ಮೂರು ಸಿಡಿ ಇತ್ತು. ಮೂರನೇದು ಎಲ್ಲಿ ಹೋಯ್ತೋ ಆ ದೇವರಿಗೇ ಗೊತ್ತು!"

"ಎರಡೂವರಿ ತಾಸು ಐತ್ರೀ ಇದು. ಒಂದರಾಗ ತುರುಕಿದ್ರ ಚಿತ್ರ ಒಡೀತದ. ಏನಾರ ತೆಗೀಬೇಕಾಗ್ತದ ನೋಡ್ರಿ."

"ಹಾಗಾದ್ರೆ ಊಟದ್ದು ತೆಗೀರಿ. ಉಂಡವರಿಗೆ ನೆನಪಿದ್ರೆ ಸಾಕಲ್ಲ? ಧಾರೆ ಮಾತ್ರ ಮುಟ್ಬೇಡಿ, ಮಗಳು ಚಂದ ಕಾಣ್ಬೇಕು" ಎಂದು ನಕ್ಕರು.

ನಾನು ಹೇಳಿದ್ದು ಸುಳ್ಳಲ್ಲ. ಎರಡು ತಾಸಿನದಾದರೆ ಡಿಸ್ಕಿನಲ್ಲಿ ಆರಾಮಾಗಿ ಕೂಡುತ್ತದೆ. ಅದಕ್ಕಿಂತ ಉದ್ದವಾದದ್ದನ್ನು ಹಿಂಡಿ ಕೂರಿಸಿದರೆ, ಅಕ್ಷತೆ ಬೀಳುವ ಹೊತ್ತಿಗೆ ಸರಿಯಾಗಿ ಮದುಮಗಳ ಮುಖ ಚೌಕ ಚೌಕವಾಗಿ ಒಡೆಯುತ್ತದೆ. ಇಡೀ ಮದುವೆಯಲ್ಲಿ ಚೆನ್ನಾಗಿ ಕಾಣಬೇಕಾದದ್ದೇ ಆ ಗಳಿಗೆ.

ಅವರು ಹೋದ ಮೇಲೆ ಪಂಕ್ತಿ ತೆಗೆಯಲು ಕೂತೆ. ನೋಡಿದರೆ ಅಲ್ಲಿ ಅವರೇ ಇದ್ದರು. ಮಂಟಪದಲ್ಲಿ ಅವರಿಗೆ ಜಾಗವಿರಲಿಲ್ಲ. ಹೆಂಡತಿ ತೀರಿಕೊಂಡಿದ್ದರಿಂದ ಧಾರೆ ಎರೆಯಲು ಅಣ್ಣ ಅತ್ತಿಗೆ ಕೂತಿದ್ದರು. ಜೋಡಿಯಾಗಿ ಇದ್ದವರೇ ಎರೆಯಬೇಕಂತೆ. ಇವರು ಫೋಟೋಗೆಂದು ಒಮ್ಮೆ ಸ್ಟೇಜು ಹತ್ತಿ, ಬಾಯಿ ಬಿಗಿದು ನಿಂತು ಇಳಿದಿದ್ದರು, ಅಷ್ಟೆ. ಊಟದ ಹಾಲ್‌ನಲ್ಲಿ ಮಾತ್ರ ಬೇರೆಯೇ ಮನುಷ್ಯ! ಪಂಚೆ ಎತ್ತಿ ಕಟ್ಟಿ, ಕೈ ಮುಗಿಯುತ್ತಾ, "ಸಾವಕಾಶ ಆಗ್ಲಿ, ಸಾವಕಾಶ" ಎನ್ನುತ್ತಾ ಸಾಲಿನುದ್ದಕ್ಕೂ ಓಡಾಡುತ್ತಿದ್ದರು. ಒಬ್ಬ ಅಜ್ಜಿಯ ಎದುರು ಬಗ್ಗಿ, "ಎಂತ ಅಕ್ಕ, ಹೋಳಿಗೆ ಕಚ್ತದಾ ನಿಮ್ಗೆ? ಇನ್ನೊಂದು ಹಾಕಿಸ್ಕೊಳ್ಳಿ" ಎಂದರು. ನಾನೊಬ್ಬಳೇ ಕೂತು ನಕ್ಕೆ. ಅವರಿದ್ದ ಆರು ನಿಮಿಷ ಉಳಿಸಿಕೊಂಡು, ಒಂದಿಷ್ಟು ಹೆಚ್ಚು ಹಿಂಡಿ, ಎಲ್ಲವನ್ನೂ ಒಂದೇ ಫೈಲಾಗಿ ತೆಗೆಯಲು ಎಕ್ಸ್‌ಪೋರ್ಟ್ ಹಚ್ಚಿದೆ.

ನನ್ನ ಹಳೆಯ ಕಂಪ್ಯೂಟರಿಗೆ ಅದು ಒಂಬತ್ತು ತಾಸಿನ ಕೆಲಸ. ಏಳನೇ ತಾಸಿಗೆ ಕರೆಂಟು ಹೋಯಿತು. ಆಗ ನಮ್ಮ ಕಡೆ ದಿನಾ ಲೋಡ್ ಶೆಡ್ಡಿಂಗು, ಹೊತ್ತುಗೊತ್ತಿರಲಿಲ್ಲ. ಯುಪಿಎಸ್ಸು ಹತ್ತು ನಿಮಿಷ ಕೂಗಿ ಸತ್ತಿತು. ಮಾಡಿದ್ದೆಲ್ಲ ಮಣ್ಣುಪಾಲು. ಮರುದಿನ ಬೆಳಿಗ್ಗೆ ಕೂತಾಗಲೂ ಸಿಟ್ಟು ಇಳಿದಿರಲಿಲ್ಲ. ಅವರೇ ತೆಗೀರಿ ಅಂದಿದ್ದಾರೆ, ನನಗ್ಯಾಕ ಈ ಉಸಾಬರಿ ಎಂದು ಪಂಕ್ತಿ ಪೂರ್ತಿ ಅಳಿಸಿದೆ. ಧಾರೆಗೂ ಬೀಳ್ಕೊಡುಗೆಗೂ ನಡುವೆ ತೇಪೆಗೆಂದು ಎರಡೇ ಸೆಕೆಂಡು ಎಲೆ ಸಾಲು ಬಿಟ್ಟೆ. ಈ ಸಲ ಕರೆಂಟು ಕೈಕೊಡಲಿಲ್ಲ, ಡಿಸ್ಕೂ ಚೊಕ್ಕವಾಗಿ ಬಂತು. ಅವರು ಫೋನು ಮಾಡಿ, "ಭಾರೀ ಲಾಯ್ಕ ಆಗಿದೆ ಅಮ್ಮಾ" ಎಂದರು. ನಾನು ಬೀಗಿದೆ.

ವರ್ಷ ಕಳೆದಿರಬೇಕು. ಒಂದು ಮಧ್ಯಾಹ್ನ ಬಾಗಿಲು ತೆರೆದರೆ ಆ ಮಗಳು ನಿಂತಿದ್ದಳು. ಡಿಸ್ಕಿನ ಡಬ್ಬಿ ಕೈಯಲ್ಲಿತ್ತು.

"ಆಂಟಿ, ಪಪ್ಪ ಹೋದ್ರು. ಹೋಟೆಲಲ್ಲೇ, ಗಲ್ಲಾದಲ್ಲಿ ಕೂತಿದ್ದಾಗ." ಡಬ್ಬಿಯನ್ನು ನನ್ನ ಕೈಗಿಟ್ಟಳು: "ನಂಗೆ ಅವ್ರದ್ದು ಆವಾಜ್ ಬೇಕಿತ್ತು. ಫೋಟೋ ತುಂಬ ಇದೆ, ಆವಾಜ್ ಕಹೀಂ ನಹೀ. ಇದ್ರಲ್ಲೂ ಪಪ್ಪ ಮಾತಾಡೋದೇ ಇಲ್ಲ. ಊಟದ ಪಾರ್ಟ್ ನಿಮ್ಮತ್ರ ಇದೆ ನಾ?"

ಇಲ್ಲವೆಂದು ಗೊತ್ತಿದ್ದೂ ಕಂಪ್ಯೂಟರೆಲ್ಲ ಹುಡುಕಿದೆ. ಕ್ಯಾಮೆರಾಮನ್‌ಗೆ ಫೋನು ಹಚ್ಚಿದೆ. ಆ ಟೇಪಿನ ಮೇಲೆ ಅಂಬರನಾಥದಲ್ಲಿ ಯಾರದೋ ಮಗುವಿನ ನಾಮಕರಣ ತೆಗೆದಾಗಿದೆ ಎಂದ.

"ನಾನೇ ತಗದೆನವಾ" ಎಂದೆ. ಅಲ್ಲಿಗೇ ನಿಲ್ಲಿಸಬೇಕಿತ್ತು. ಆದರೆ ನನ್ನ ಹಾಳು ನಾಲಿಗೆ, "ನಿಮ್ಮ ಅಪ್ಪಾರೇ ತಗೀರಿ ಅಂದಿದ್ರು" ಎಂದೂ ಸೇರಿಸಿತು.

"ಪಪ್ಪನೇ ಬೋಲೇ?" ಎಂದವಳು ನಗಲು ಹೋಗಿ ಅತ್ತುಬಿಟ್ಟಳು. ನನಗೆ ನಾಚಿಕೆಯಾಯಿತು. ಆ ಮನುಷ್ಯನನ್ನು ಮೊದಲು ಪದ್ಧತಿಯ ಹೆಸರಲ್ಲಿ ಮನೆಯವರು ಮಂಟಪದಿಂದ ಹೊರಗಿಟ್ಟರು, ಆಮೇಲೆ ನಾನು ಊಟದ ಹಾಲ್‌ನಿಂದಲೂ ಹೊರಗೆ ಹಾಕಿದೆ. ಅವರು ಅಲ್ಲಿದ್ದದ್ದನ್ನು ಕಣ್ಣಾರೆ ಕಂಡೂ ಹಾಕಿದೆ.

ಆಗ ಆ ತೇಪೆ ನೆನಪಾಯಿತು. ಅವಳ ಡಿಸ್ಕು ಹಾಕಿ, ವಾಲ್ಯೂಮು ಪೂರ್ತಿ ಏರಿಸಿ ಕೇಳಿದೆವು. ಎಲೆ ಸಾಲು ಬಂತು. ಅದರಲ್ಲಿ ಅವರು ಕಾಣುವುದಿಲ್ಲ. ಪಾತ್ರೆ ಸದ್ದಿನ ಹಿಂದಿನಿಂದ ಒಂದೇ ಮಾತು: "ಸಾವಕಾಶ". ಅಷ್ಟಕ್ಕೆ ಬೀಳ್ಕೊಡುಗೆಯ ಓಲಗ ಅದನ್ನು ನುಂಗಿತು.

"ಪಪ್ಪ!" ಎಂದು ಅವಳು ನನ್ನ ಕೈ ಹಿಡಿದಳು. "ಆಂಟಿ, ಇದನ್ನೇ ಬಾರ್ ಬಾರ್ ಜೋಡಿಸಿ ಕೊಡ್ತೀರಾ?"

ಇಪ್ಪತ್ತು ಸಲ ಜೋಡಿಸಿದೆ. ಎಕ್ಸ್‌ಪೋರ್ಟ್ ಹಚ್ಚಿ ಚಹಾಕ್ಕೆ ಇಟ್ಟೆ, ಕುದಿ ಬರುವ ಮೊದಲೇ ಮುಗಿದಿತ್ತು. ಹೊಸ ಡಿಸ್ಕು ಬರೆದು ಅವಳ ಕೈಗೆ ಕೊಟ್ಟೆ. ಅವಳು ತಿರುವಿ ಬೆಳಕಿಗೆ ಹಿಡಿದಳು. ಬರೆದ ಜಾಗ ನಡುವಿನ ತೂತಿನ ಸುತ್ತ ಒಂದು ಸಣ್ಣ ಉಂಗುರದಂತೆ ಕಾಣುತ್ತಿತ್ತು. ಅದರಾಚೆ ಅಂಚಿನವರೆಗೂ ಏನೂ ಇರಲಿಲ್ಲ.

"ಇಷ್ಟೊಂದು ಜಾಗ ಖಾಲಿ ಇದೆಯಾ ಆಂಟಿ?" ಎಂದು ಕೇಳಿದಳು.

ಹೂಂ ಎಂದೆ.