ಮೊಲೆ ಎಂದು ಬರೆದಿದ್ದರು

ಕವಿ ತೀರಿಕೊಂಡ ಹದಿನೈದನೆಯ ದಿನಕ್ಕೆ ನಮ್ಮೂರಿನ ಸಾಹಿತಿಗಳೆಲ್ಲ ಸೇರಿ ಶ್ರದ್ಧಾಂಜಲಿ ಸಭೆ ಮಾಡಿದರು. ಮೈಕು ಸಿಕ್ಕಿದವರೆಲ್ಲ ಅವರ ಪದ್ಯಗಳನ್ನು ಹೊಗಳಿದ್ದೇ ಹೊಗಳಿದ್ದು. ಕೊನೆಗೆ ಎದ್ದ ಮಹಾನುಭಾವರೊಬ್ಬರು, "ಪತ್ರಿಕೆಗೂ ಒಂದಷ್ಟು ಬರೆದರು. ಆರೋಗ್ಯ, ಪುಸ್ತಕ, ಚರಂಡಿ ಅಂತ. ಅದೆಲ್ಲ ಎಡಗೈ ಬರಹ, ಇವತ್ತು ಅದು ಬೇಡ" ಎಂದರು. ಜನ ನಕ್ಕರು. ಹಿಂದಿನ ಸಾಲಿನಲ್ಲಿ ಕೂತಿದ್ದ ನನಗೆ ಮೈಯೆಲ್ಲ ಉರಿದುಹೋಯಿತು. ಆ ಎಡಗೈ ಬರಹವನ್ನು ಹನ್ನೊಂದು ವರ್ಷ, ವಾರಕ್ಕೊಂದರಂತೆ, ಅವರ ಹಾಳೆಗಳಿಂದ ಕಂಪ್ಯೂಟರಿಗೆ ಇಳಿಸಿದವಳು ನಾನು. ಎದ್ದು ನಿಂತು ಏನಾದರೂ ಅನ್ನಬೇಕಿತ್ತು. ಅವರು ಕೊಟ್ಟ ಕಾಫಿಯನ್ನೂ ಕುಡಿಯದೆ ಮನೆಗೆ ಬಂದೆ.

ನಾನು ಮೈಸೂರಿನ ಒಂದು ಪತ್ರಿಕೆಯಲ್ಲಿ ಉಪಸಂಪಾದಕಿಯಾಗಿದ್ದೆ. ಶನಿವಾರದ ಪುರವಣಿ ನನ್ನ ಪಾಲಿನದು. ಕವಿ ಹೆಂಗಸು. ಆದರೆ ಕವಯಿತ್ರಿ ಎಂದರೆ, "ಬಾಲ ಯಾಕೆ? ಕವಿ ಅಂದ್ರೆ ಸಾಕು" ಎಂದು ಗದರುತ್ತಿದ್ದರು, ಹಾಗಾಗಿ ಇಲ್ಲೂ ಕವಿ ಎಂದೇ ಬರೆಯುತ್ತೇನೆ. ಅವರ ಹೆಸರು ಕೇಳದವರು ನಾಡಿನಲ್ಲಿ ಕಡಿಮೆ. ಅಂಥವರು ಪ್ರತಿ ಬುಧವಾರ ಬೆಳಿಗ್ಗೆ ಸಿಟಿ ಬಸ್ಸಿನಲ್ಲಿ ಬಂದು, ನಾಲ್ಕು ಹಾಳೆ ನನ್ನ ಮೇಜಿನ ಮೇಲಿಟ್ಟು, "ಓದಿ ನೋಡು. ಎಲ್ಲಾದ್ರೂ ಪದ್ಯದ ಥರ ಕಂಡ್ರೆ ಹೊಡೆದು ಹಾಕು" ಎನ್ನುತ್ತಿದ್ದರು.

ಅರಮನೆಯ ದೀಪ, ದಸರೆಯ ಮೆರವಣಿಗೆ ಒಂದೂ ಆ ಅಂಕಣದಲ್ಲಿ ಬರಲಿಲ್ಲ. "ಅದಕ್ಕೆ ಬೇಕಾದಷ್ಟು ಜನ ಇದ್ದಾರೆ. ಒಂಟಿಕೊಪ್ಪಲಿನ ಕೆಟ್ಟ ಬೀದಿದೀಪಕ್ಕೆ ಯಾರಿದ್ದಾರೆ?" ಎನ್ನುತ್ತಿದ್ದರು. ವಿಜಯನಗರದ ಖಾಲಿ ಸೈಟುಗಳಲ್ಲಿ ನೀರು ನಿಂತು ಸೊಳ್ಳೆ ಮರಿ ಹಾಕುವುದನ್ನು ಬರೆದರು. ಪುಸ್ತಕವನ್ನು ಬಿಚ್ಚಿಯೂ ನೋಡದೆ ಬಿಡುಗಡೆ ಮಾಡಿ ಹೊಗಳುವವರನ್ನು ಹಿಡಿದು ಜಾಡಿಸಿದರು. ಒಂದು ವಾರ ಗ್ರಂಥಾಲಯದ ಹೆಂಗಸರ ಶೌಚಾಲಯಕ್ಕೆ ಬೀಗ ಹಾಕಿದ್ದನ್ನೂ, ಬೀಗದ ಕೈ ಯಾರ ಹತ್ತಿರ ಇದೆಯೆಂದು ಯಾರಿಗೂ ಗೊತ್ತಿಲ್ಲದ್ದನ್ನೂ, ಉಚ್ಚೆ ಕಟ್ಟಿಕೊಂಡು ಕಾದಂಬರಿ ಓದುವ ಹುಡುಗಿಯರಿಗೆ ಬರುವ ಉರಿಮೂತ್ರವನ್ನೂ ಸೇರಿಸಿ ಬರೆದರು. ಆರೋಗ್ಯ, ಪುಸ್ತಕ, ನಗರ ಮೂರೂ ಒಂದೇ ಬೀಗದಲ್ಲಿ ಸಿಕ್ಕಿಹಾಕಿಕೊಂಡಿದ್ದವು. ಮೂರನೇ ದಿನಕ್ಕೆ ಬೀಗ ತೆಗೆದರು. ಅವರ ಯಾವ ಪದ್ಯ ಯಾವ ಬೀಗ ತೆಗೆಸಿದೆ, ನನಗೆ ಗೊತ್ತಿಲ್ಲ.

ಕಾಯಿಲೆಯ ಬಗ್ಗೆ ಬರೆಯುವಾಗ ಅವರದೊಂದು ಹಟ. ಡಾಕ್ಟರುಗಳ ಹತ್ತಿರ ವಿಷಯ ಕೇಳಿ ತಿಳಿದುಕೊಳ್ಳುವರು. ಪದವನ್ನು ಮಾತ್ರ ಬಸ್ಸಿನಲ್ಲಿ, ತರಕಾರಿ ಅಂಗಡಿಯಲ್ಲಿ ಹೆಂಗಸರು ಆಡುವ ಮಾತಿನಿಂದಲೇ ಆರಿಸುವರು. ಅತಿಸಾರ ಎಂದು ಬರೆಯರು, ಭೇದಿ ಎನ್ನುವರು. ಋತುಸ್ರಾವ ಎನ್ನರು, ಮುಟ್ಟು ಎನ್ನುವರು. ಓದುವವಳಿಗೆ ಇದು ತನ್ನ ಮೈಯ ಸುದ್ದಿ ಅಂತ ಮೊದಲ ಸಾಲಿಗೇ ಗೊತ್ತಾಗಬೇಕು ಎನ್ನುವುದು ಅವರ ವಾದ.

ಒಂದು ಬುಧವಾರ ತಂದ ಹಾಳೆಗಳ ತಲೆಯ ಮೇಲೆ ‘ನಿಮ್ಮ ಮೊಲೆ ನಿಮಗೆ ಗೊತ್ತಿರಲಿ’ ಎಂದಿತ್ತು. ಹೆಂಗಸರು ಬಚ್ಚಲಿನ ಚಿಲಕ ಹಾಕಿಕೊಂಡು, ಕೈಗೆ ಸೋಪು ಸವರಿಕೊಂಡು, ತಮ್ಮ ಮೊಲೆಯನ್ನು ತಾವೇ ಮುಟ್ಟಿ ನೋಡಿಕೊಳ್ಳುವುದು ಹೇಗೆ, ಗಂಟು ಕೈಗೆ ಸಿಕ್ಕರೆ ಯಾರಿಗೆ ತೋರಿಸಬೇಕು ಎಂದು ಬರೆದಿದ್ದರು. ನಾನು ಪುಟ ಕಟ್ಟಿ ಪ್ರಿಂಟ್ ತೆಗೆದು ಸಂಪಾದಕರ ಮುಂದಿಟ್ಟೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಏನಮ್ಮಾ ಇದು? ಹದಿನಾಲ್ಕು ಸಲ ಬಂದಿದೆ! ಮನೆಮಂದಿಯೆಲ್ಲ ಓದೋ ಪುರವಣಿ ಕಣ್ರೀ."

"ಸ್ತನ ಅಂತ ಹಾಕೋಣವಾ ಸಾರ್?"

"ಅದೂ ಹದಿನಾಲ್ಕು ಸಲವಾ? ಎದೆ ಅನ್ನಿ. ಎದೆಹಾಲು ಅನ್ನೋದಿಲ್ವಾ ನಾವು? ಯಾರಿಗೆ ಅರ್ಥ ಆಗಲ್ಲ?"

ಇದೇ ಮನುಷ್ಯ ಎರಡು ತಿಂಗಳ ಹಿಂದೆ ಕವಿಗೆ ಸನ್ಮಾನ ಮಾಡಿದ ವೇದಿಕೆಯಲ್ಲಿ, ಮೊಲೆ ಎಂಬ ಪದ ಮೂರು ಸಲ ಬರುವ ಅವರ ಪದ್ಯವನ್ನು ಕಣ್ಣುಮುಚ್ಚಿ ಓದಿ ಚಪ್ಪಾಳೆ ಗಿಟ್ಟಿಸಿದ್ದರು. ಆದರೆ ಸಂಬಳ ಕೊಡುವವರು ಅವರು. ನಾನು ನನ್ನ ಕುರ್ಚಿಗೆ ವಾಪಸು ಬಂದು, ಮೊಲೆ ಇದ್ದಲ್ಲೆಲ್ಲ ಎದೆ ಮಾಡು ಎಂದು ಕಂಪ್ಯೂಟರಿಗೆ ಹೇಳಿದೆ. ಎರಡೂ ಎಕಾರದಲ್ಲಿ ಮುಗಿಯುವ ಪದ. ಮೊಲೆಯಲ್ಲಿ ಹೋಗಿ ಎದೆಯಲ್ಲಿ, ಮೊಲೆಗೆ ಹೋಗಿ ಎದೆಗೆ. ಪ್ರತ್ಯಯ ಒಂದೂ ಕೆಡಲಿಲ್ಲ. ಅರ್ಧ ನಿಮಿಷದ ಕೆಲಸ.

ಶನಿವಾರ ಬೆಳಿಗ್ಗೆ ಕವಿಯ ಫೋನು ಬಂತು. "ಪದ್ಯದಲ್ಲಿ ಬಂದ್ರೆ ಶಾಲು ಹೊದಿಸ್ತೀರಿ, ಪೇಪರಿನಲ್ಲಿ ಬಂದ್ರೆ ಸೆರಗು ಹೊದಿಸ್ತೀರಿ. ಹೇಳು ನಿಮ್ಮ ಸಂಪಾದಕರಿಗೆ" ಎಂದು ಇಟ್ಟುಬಿಟ್ಟರು. ಮೂರು ವಾರ ಅಂಕಣ ಕೊಡಲಿಲ್ಲ. ನಾಲ್ಕನೇ ವಾರ ಹಾಳೆ ತಂದಾಗ ನನ್ನ ಜೊತೆ ಎಂದಿನಂತೆಯೇ ಮಾತಾಡಿದರು. ಇವಳು ಹೇಳಿದ್ದು ಕೇಳುವವಳು, ಇವಳದೇನು ತಪ್ಪು ಎಂದುಕೊಂಡಿರಬೇಕು. ನಾನೂ ಹಾಗೇ ಅಂದುಕೊಂಡಿದ್ದೆ.

ಇಲ್ಲಿಗೆ ಮುಗಿದಿದ್ದರೆ ಇದು ನಮ್ಮ ಕಚೇರಿಯ ನೂರೆಂಟು ಕಥೆಗಳಲ್ಲಿ ಒಂದಾಗುತ್ತಿತ್ತು. ನನ್ನ ಅಣ್ಣನ ಹೆಂಡತಿಯ ತವರು ಮಂಡಕಳ್ಳಿಯ ಆಚೆಯ ಒಂದು ಹಳ್ಳಿ, ಬೇಸಾಯದ ಮನೆ. ಅತ್ತಿಗೆಯನ್ನು ಏಳನೇ ಕ್ಲಾಸಿಗೆ ಸ್ಕೂಲು ಬಿಡಿಸಿದ್ದರಂತೆ. ಆದರೆ ನಾನು ಕೆಲಸ ಮಾಡುವ ಪೇಪರು ಎಂದು ಶನಿವಾರದ ಪುರವಣಿಯನ್ನು ರಾಶಿಭವಿಷ್ಯದಿಂದ ಹಿಡಿದು ಜಾಹೀರಾತಿನ ತನಕ ಓದುತ್ತಿದ್ದರು. ಆ ಅಂಕಣ ಬಂದು ಒಂದೂವರೆ ವರ್ಷವಾದ ಮೇಲೆ, ಎಡಗಡೆಯ ಮೊಲೆಯ ಚರ್ಮ ಒಡೆದು ರವಿಕೆಗೆ ಕಲೆಯಾದಾಗ, ಅವರು ಬಾಯಿಬಿಟ್ಟರು. ಆಪರೇಷನ್ ಆಯಿತು. ಕಂಕುಳಿನ ಗಂಟುಗಳನ್ನೂ ತೆಗೆದರು. ಆ ಕೈ ಇವತ್ತಿಗೂ ಊದಿಕೊಂಡೇ ಇದೆ. ಅರ್ಧ ಬಿಂದಿಗೆ ನೀರು ಎತ್ತಲಾಗುವುದಿಲ್ಲ. "ಮೊದಲೇ ಬಂದಿದ್ದರೆ ಇಷ್ಟೆಲ್ಲ ತೆಗೆಯುವ ಹಾಗಿರಲಿಲ್ಲ" ಎಂದರು ಡಾಕ್ಟರು.

ಆಸ್ಪತ್ರೆಯ ಮಂಚದ ಪಕ್ಕ ಕೂತು ನಾನು ರೇಗಿದೆ. "ನಮ್ಮ ಪೇಪರಿನಲ್ಲೇ ಬಂದಿತ್ತಲ್ಲ ಅತ್ತಿಗೆ, ನೀವು ಓದಲಿಲ್ಲವಾ?"

"ಓದ್ದೆ ಕಣಮ್ಮ" ಎಂದರು. "ಎದೇಲಿ ಗಂಟು ಅಂತಿತ್ತು. ಕಫ ಗಂಟು ಕಟ್ಟೋದೇನೋ ಅನ್ಕಂಡೆ. ನಂಗೆ ಕೆಮ್ಮಿಲ್ಲ, ದಮ್ಮಿಲ್ಲ. ನಂಗಲ್ಲ ಇದು ಅಂತ ಮಡ್ಚಿ ಇಟ್ಬುಟ್ಟೆ."

ಆವತ್ತಿನಿಂದ ನನಗೆ ಸಂಪಾದಕರನ್ನು ಕಂಡರೆ ಹೊಟ್ಟೆಯೊಳಗೆ ಬೆಂಕಿ. ಅವರು ನಿವೃತ್ತಿಯಾಗುವ ತನಕ ನಮಸ್ಕಾರ ಹೇಳಿದೆ, ಹಬ್ಬಕ್ಕೆ ಸಿಹಿ ಕೊಟ್ಟೆ, ಮನಸ್ಸಿನಲ್ಲಿ ದಿನಾ ಶಾಪ ಹಾಕಿದೆ. ಅತ್ತಿಗೆಯ ಮುಂದೆ, ಅಣ್ಣನ ಮುಂದೆ, ನೆಂಟರ ಮುಂದೆ ಹೇಳಿಕೊಂಡು ತಿರುಗಿದೆ: ಒಬ್ಬ ಮನುಷ್ಯನ ಮಡಿಗೆ ಒಂದು ಪದ ಹೋಯಿತು, ಪದದ ಜೊತೆ ನಮ್ಮ ಅತ್ತಿಗೆಯ ಮೈ ಹೋಯಿತು ಅಂತ. ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಕೇಳಿದವರೆಲ್ಲ ಲೊಚಗುಟ್ಟುತ್ತಿದ್ದರು, ನನಗೂ ಒಂದು ರೀತಿ ಸಮಾಧಾನವಾಗುತ್ತಿತ್ತು.

ಕವಿ ಹೋದ ಮೇಲೆ ಕೆಲವರಿಗೆ ಬುದ್ಧಿ ಬಂದು, ಅಂಕಣಗಳನ್ನು ಆರಿಸಿ ಪುಸ್ತಕ ಮಾಡೋಣ ಎಂದರು. ಸಮಿತಿಯಾಯಿತು. ಅಧ್ಯಕ್ಷರು ಯಾರು? ಅವರೇ, ನಮ್ಮ ಹಳೆಯ ಸಂಪಾದಕರು! ನನ್ನನ್ನೂ ಕರೆದರು, ಕಡತ ಜೋಡಿಸಲು ಆಳು ಬೇಕಲ್ಲ. ಒಂಟಿಕೊಪ್ಪಲಿನಲ್ಲಿದ್ದ ಸಂಪಾದಕರ ಮನೆಯ ಹಜಾರದಲ್ಲಿ ಸೇರಿದೆವು. ಉಪ್ಪಿಟ್ಟು ಆದ ಮೇಲೆ ನಾನು ಶುರುಮಾಡಿದೆ.

"ಆ ಒಂದು ಲೇಖನದಲ್ಲಿ ಅವರು ಬರೆದದ್ದು ಬೇರೆ, ನಾವು ಅಚ್ಚು ಹಾಕಿದ್ದು ಬೇರೆ. ಸರಿ ಮಾಡಬೇಕು ಸಾರ್."

"ಅಚ್ಚಾಗಿರೋದೇ ಪ್ರಮಾಣ ಅಲ್ವೇ? ಮೂಲ ಎಲ್ಲಿದೆ?"

"ನನ್ನ ಹತ್ತಿರ ಇದೆ. ಒಂದೊಂದು ಹಾಳೆಯೂ ಇದೆ" ಎಂದೆ. ದನಿ ಏರಿತ್ತು. "ಯಾರ ಮಡಿಗೆ ಏನಾಯಿತು ಅಂತ ಹಾಳೆ ತೋರಿಸಿಯೇ ಮಾತಾಡ್ತೀನಿ."

ಅವರ ಮುಖ ಸಣ್ಣಗಾದದ್ದು ನೋಡಿ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಇಷ್ಟು ವರ್ಷದ ಕೋಪಕ್ಕೆ ಕೊನೆಗೂ ಒಂದು ದಾರಿ ಸಿಕ್ಕಿತ್ತು.

ಮನೆಗೆ ಬಂದವಳೇ ಚಪ್ಪಲಿಯನ್ನೂ ಬಿಡದೆ ಕಪಾಟು ತೆಗೆದೆ. ಹಾಳೆಗಳು ದಾರ ಕಟ್ಟಿದ ಕಡತದಲ್ಲಿ ಹಾಗೇ ಇದ್ದವು. ನೀಲಿ ಇಂಕು, ಅವರ ದುಂಡು ಅಕ್ಷರ. ಮೊಲೆ, ಮೊಲೆ, ಮೊಲೆ. ಎಣಿಸುತ್ತಾ ಹೋದೆ. ಮೂರನೇ ಹಾಳೆಯಲ್ಲಿ ಎರಡು ಸಾಲಿನ ಮೇಲೆ ಪೆನ್ಸಿಲಿನ ಗೀಟು ಇತ್ತು. ಪಕ್ಕದಲ್ಲಿ ‘ಬಿಡಿ’ ಎಂದು ಬರೆದಿತ್ತು. ಅಕ್ಷರ ನನ್ನದು.

ಗೀಟಿನ ಕೆಳಗೆ ಕವಿ ಬರೆದಿದ್ದರು: ‘ಎರಡು ಮೊಲೆಯನ್ನೂ ಕನ್ನಡಿಯಲ್ಲಿ ಜೊತೆಗಿಟ್ಟು ನೋಡಿ. ಒಂದರ ತೊಟ್ಟು ಹೊಸದಾಗಿ ಒಳಕ್ಕೆ ಸೇದಿಕೊಂಡಿದ್ದರೆ, ನೋವಿಲ್ಲದಿದ್ದರೂ ಸರಿಯೆ, ಆ ವಾರವೇ ಡಾಕ್ಟರಿಗೆ ತೋರಿಸಿ.’

ಆಗ ನೆನಪಾಯಿತು. ಕಂಪ್ಯೂಟರು ಪದ ಬದಲಿಸಿದ ಮೇಲೆ ನಾನು ಪುಟ ಓದಿದ್ದೆ. ‘ಎರಡು ಎದೆಯನ್ನೂ ಕನ್ನಡಿಯಲ್ಲಿ’ ಎಂದಿತ್ತು. ಒಬ್ಬಳಿಗೆ ಎರಡು ಎದೆ ಎಲ್ಲಿಂದ ಬರಬೇಕು? ಓದಿದವರು ನಗುತ್ತಾರೆ ಎನಿಸಿತು. ತಿದ್ದಲು ನೋಡಿದೆ, ಕೂರಲಿಲ್ಲ. ಪುಟದಲ್ಲಿ ಹೇಗೂ ಎರಡು ಸಾಲು ಹೆಚ್ಚಿತ್ತು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆದುಬಿಟ್ಟೆ, ಪ್ರೂಫ್ ನೋಡುವವರಿಗೆ ತಿಳಿಯಲಿ ಎಂದು ಅವರ ಹಾಳೆಯ ಮೇಲೂ ಗೀಟು ಹಾಕಿಟ್ಟೆ. ಸಂಪಾದಕರು ಪದ ಬದಲಿಸು ಎಂದಿದ್ದರೇ ಹೊರತು ಸಾಲು ತೆಗೆ ಎಂದಿರಲಿಲ್ಲ. ಅವರಿಗೆ ಆ ಸಾಲು ಇದ್ದದ್ದೇ ಗೊತ್ತಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನಗೆ ಅಷ್ಟು ಮಾನವೂ ಇರಲಿಲ್ಲ. ಕಾಯಿ ಹೆಗಲ ಮೇಲೆ ಹೊತ್ತುಕೊಂಡೇ ಊರೆಲ್ಲ ಕಳ್ಳನನ್ನು ಬೈದುಕೊಂಡು ತಿರುಗಿದ್ದೆ.

ಎರಡು ದಿನ ಬಿಟ್ಟು ಸಂಪಾದಕರಿಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಪುಸ್ತಕದಲ್ಲಿ ಅದನ್ನು ಟಿಪ್ಪಣಿಯಾಗಿ ಹಾಕಬೇಕು ಎಂದೆ. ಅವರು ನಕ್ಕರು. "ಅಯ್ಯೋ ಅಷ್ಟೇನಾ? ಆ ಪದ ಹಾಕಿಬಿಡಿ, ಈಗ ಕಾಲ ಬದಲಾಗಿದೆ. ಆ ಎರಡು ಸಾಲೂ ಸೇರಿಸಿಬಿಡಿ. ಯಾರು ತೆಗೆದದ್ದು ಅಂತೆಲ್ಲ ಯಾಕೆ ಟಿಪ್ಪಣಿ? ಯಾರಿಗೂ ಗೊತ್ತಾಗಲ್ಲ ಬಿಡಿಮ್ಮ."

ಅಷ್ಟು ಸುಲಭವಾಗಿ ಕ್ಷಮಿಸಿಬಿಟ್ಟರಲ್ಲ, ಅದಕ್ಕೆ ಇನ್ನಷ್ಟು ಸಿಟ್ಟು ಬಂತು. ಕ್ಷಮಿಸಲು ಇವರು ಯಾರು? ಇವರಿಗೂ ನನಗೂ ಕಾಲ ಬದಲಾಗಿದೆ, ಅತ್ತಿಗೆಯ ಕೈ ಬದಲಾಗುತ್ತದೆಯೇ? ಟಿಪ್ಪಣಿ ಹಾಕದಿದ್ದರೆ ಪುಸ್ತಕದ ಕೆಲಸಕ್ಕೆ ನಾನಿಲ್ಲ ಎಂದು ಹೇಳಿ ಫೋನು ಇಟ್ಟೆ. ಅವರು ಹಾಕುತ್ತಾರೋ ಇಲ್ಲವೋ, ಇನ್ನೂ ತಿಳಿದಿಲ್ಲ. ಟಿಪ್ಪಣಿಗಿಂತ ಮೊದಲು ಹೇಳಬೇಕಾದ ಕಡೆ ಹೇಳಿರಲಿಲ್ಲವಲ್ಲ. ಅದೇ ಸಂಜೆ ಹಾಳೆ ತೆಗೆದುಕೊಂಡು ವಿಜಯನಗರದ ಅಣ್ಣನ ಮನೆಗೆ ಹೋದೆ.

ಅಣ್ಣ ಅಂಗಡಿಯಿಂದ ಬಂದಿರಲಿಲ್ಲ. ಅತ್ತಿಗೆ ನಡುಮನೆಯಲ್ಲಿ ಕಾಲು ಚಾಚಿಕೊಂಡು, ನೆನೆಸಿದ ಅವರೆಕಾಳನ್ನು ಬಲಗೈಯಲ್ಲಿ ಹಿಸುಕಿ ಬೇಳೆ ತೆಗೆಯುತ್ತಿದ್ದರು. ಊದಿದ ಎಡಗೈ ದಿಂಬಿನ ಮೇಲಿತ್ತು. "ಬಾಮ್ಮ, ಕೂತ್ಕೊ. ಬೆಳಗ್ಗೆ ಇದ್ದು ಸಾರು ಉಂಡ್ಕಂಡು ಹೋಗು" ಎಂದರು. ನಾನು ಹಾಳೆ ಕೊಟ್ಟೆ. ಸೆರಗಿಗೆ ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ಬೆರಳಿಟ್ಟು ಓದಿದರು. ಗೀಟಿನ ಹತ್ತಿರ ಬೆರಳು ನಿಂತಿತು.

"ನಂಗೂ ಅಂಗೇ ಆಗಿತ್ತು" ಎಂದರು. "ತೊಟ್ಟು ಒಳಕ್ಕೋಗಿತ್ತು. ಪೇಪರು ಓದಿದ್ನಲ್ಲ, ಆವಾಗ್ಲೇ ಹೋಗಿತ್ತು. ವಯಸ್ಸಾಯ್ತು, ಅದಕ್ಕೇ ಅಂತಿದ್ದೆ." ಪೆನ್ಸಿಲಿನ ಗೀಟಿನ ಮೇಲೆ ಬೆರಳಾಡಿಸಿ ಕೇಳಿದರು, "ಈ ಗೀಟು ಅವರು ಹೊಡೆದಿದ್ದಾ, ಆ ಸಂಪಾದಕರು?"

"ನಾನು ಹೊಡೆದದ್ದು ಅತ್ತಿಗೆ."

"ಯಾಕೆ?"

ಸುಳ್ಳು ಹೇಳಲು ಏನೂ ಹೊಳೆಯಲಿಲ್ಲ. "ಎರಡು ಎದೆ ಅಂತ ಓದೋಕೆ ಚೆನ್ನಾಗಿರಲಿಲ್ಲ" ಎಂದೆ.

ಅವರು ಹಾಳೆಯನ್ನು ಮಡಿಕೆ ತಪ್ಪದಂತೆ ಮಡಿಚಿ ನನ್ನ ಕೈಗೆ ಕೊಟ್ಟರು. ಬಟ್ಟಲು ಹತ್ತಿರಕ್ಕೆ ಎಳೆದುಕೊಂಡು ಕಾಳು ಹಿಸುಕತೊಡಗಿದರು.

"ಕತ್ತಲಾಗ್ತದೆ" ಎಂದರು. "ನೀವಿನ್ನು ಹೊರಡಿ."

ಅವರು ಸೊಸೆಯಾಗಿ ನಮ್ಮ ಮನೆಗೆ ಬಂದಾಗ ನನಗೆ ಹದಿಮೂರು ವರ್ಷ. ಆವತ್ತಿನಿಂದ ಅವರು ನನ್ನನ್ನು ನೀನು ಎಂದೇ ಕರೆದವರು.