ಹದಿಮೂರೂವರೆ ಅಲ್ಲ, ಹದಿನಾಲ್ಕು

ಅಕ್ಕೋರ ಬಲಗಣ್ಣಿನ ಸುತ್ತ ಸದಾ ಒಂದು ದುಂಡನೆಯ ಕೆಂಪು ಗುರುತು ಇರುತ್ತಿತ್ತು. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥ ಭೂತಗನ್ನಡಿಯ ಗುರುತು ಅದು. ಆ ಗುರುತು ಹೊತ್ತುಕೊಂಡೇ ಸಂತೆಗೆ ಹೋಗುತ್ತಿದ್ದರು. ಕಾಯಿಪಲ್ಯೆ ಮಾರುವಾಕೆ "ಕಣ್ಣಿಗೆ ಏನ್ ಬಡೀತ್ರಿ ಅಕ್ಕೋರ?" ಎಂದರೆ, "ಪೋಸ್ಟಿನವ್ರು ಮುದ್ರಿ ಹೊಡದಾರವಾ," ಎನ್ನುವರು.

ಅವರು ಇಂಡಿ ಊರಿನ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ನಾನು ಮುದ್ದೇಬಿಹಾಳದಿಂದ ರಕ್ತಪರೀಕ್ಷೆಯ ಕೆಲಸಕ್ಕೆಂದು ಆ ಊರಿಗೆ ಹೋದಾಗ ಅವರ ಮನೆಯ ಮೇಲಿನ ಖೋಲಿಯಲ್ಲಿ ಬಾಡಿಗೆಗಿದ್ದೆ. ಅವರ ಹುಚ್ಚು ಅಂಚೆಚೀಟಿಗಳದು. ಚಿತ್ರ ನೋಡುವುದಕ್ಕಿಂತ ಅಂಚಿನ ತೂತು ಎಣಿಸುವುದೇ ಹೆಚ್ಚು. ಎರಡು ಸೆಂಟಿಮೀಟರಿನಲ್ಲಿ ಎಷ್ಟು ತೂತು? ಚಿತ್ರ, ಬಣ್ಣ ಒಂದೇ ಇದ್ದರೂ ಆ ಲೆಕ್ಕ ಬೇರೆಯಾದರೆ ಚೀಟಿಯೇ ಬೇರೆ. ಅದಕ್ಕೆಂದೇ ಗೆರೆ, ಅಂಕಿಗಳಿದ್ದ ಒಂದು ಅಳತೆಪಟ್ಟಿ ಅವರ ಹತ್ತಿರವಿತ್ತು. ಅದರ ಮೇಲೆ ಚೀಟಿಯನ್ನು ಚಿಮಟದಿಂದ ಮೆಲ್ಲಗೆ ಸರಿಸುತ್ತ, "ತೂತು ಗೆರಿಗೆ ಕೂಡ್ರಬೇಕು, ನಮ್ಮ ಮನಸಿಗೆ ಅಲ್ಲ," ಎಂದು ನನಗೂ ಕಲಿಸಿದರು.

ಚೀಟಿಗಳ ಮಾಹಿತಿಯ ದಪ್ಪ ಪುಸ್ತಕವೊಂದಿತ್ತು. ಅದು ಹದಿನಾಲ್ಕು ಎಂದಲ್ಲೆಲ್ಲ ಅಕ್ಕೋರಿಗೆ ಹದಿಮೂರೂವರೆ ಬರುತ್ತಿತ್ತು. ಪುಟಪುಟದ ಅಂಚಿಗೂ ಪೆನ್ಸಿಲಿನಿಂದ "ತಪ್ಪು" ಎಂದು ಬರೆದಿದ್ದರು. ಪ್ರಕಾಶಕರಿಗೆ ಮೂರು ಕಾಗದ ಹಾಕಿದ್ದರು. "ಉತ್ತರಾ ಕೊಡಾಕ ಮುಖಾ ಬೇಕಲ್ಲ ಅವ್ರಿಗೆ!"

ಒಂದು ರವಿವಾರ ಅವರ ಆಲ್ಬಮ್ಮಿನ ಹಾಳೆಗೆ ಗೆರೆ ಎಳೆಯಲೆಂದು ನನ್ನ ಸ್ಟೀಲಿನ ಸ್ಕೇಲು ತಂದಿದ್ದೆ. ಅಳತೆಪಟ್ಟಿಯ ಕೆಳಗೆ "ಎರಡು ಸೆಂಟಿಮೀಟರ್" ಎಂಬ ಗೆರೆಯೊಂದಿತ್ತು. ಸುಮ್ಮನೆ ಅದರ ಮೇಲೆ ಸ್ಕೇಲು ಇಟ್ಟೆ. ಗೆರೆ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚೇ ಗಿಡ್ಡವಿತ್ತು. ಆ ಪಟ್ಟಿ ಅಕ್ಕೋರಿಗೆ ಸಿಂದಗಿಯ ಗೆಳತಿಯೊಬ್ಬರು ಮಾಡಿಸಿಕೊಟ್ಟ ಝೆರಾಕ್ಸು. ಯಂತ್ರ ಅದನ್ನು ಕೂದಲೆಳೆಯಷ್ಟು ಕುಗ್ಗಿಸಿತ್ತು. ಪುಸ್ತಕದ ಹದಿನಾಲ್ಕು ಅದರಲ್ಲಿ ಹದಿಮೂರೂವರೆಯಾಗುತ್ತಿತ್ತು.

ಆರು ಆಲ್ಬಂ ತುಂಬ ಅವರ ಮುತ್ತಿನಂಥ ಅಕ್ಷರ, ಎಲ್ಲವೂ ತಪ್ಪು ಅಂಕಿ. ಮುಂದಿನ ತಿಂಗಳು ವಿಜಯಪುರದ ಅಂಚೆಚೀಟಿ ಪ್ರದರ್ಶನದಲ್ಲಿ ಅವನ್ನು ಇಡುವುದಿತ್ತು. ಮೂರನೆಯ ದಿನ, ಅವರು ರೊಟ್ಟಿ ಬಡಿಯುತ್ತಿದ್ದಾಗ ಹೇಳಿಬಿಟ್ಟೆ.

ಒಲೆ ಆರಿಸಿ, ಹಿಟ್ಟಿನ ಕೈ ತೊಳೆದುಕೊಂಡು ಬಂದು ಅಳೆದರು. ಮತ್ತೊಮ್ಮೆ ಅಳೆದರು. ಆಮೇಲೆ ನಗಲು ಶುರು ಮಾಡಿದವರು ನಕ್ಕು ನಕ್ಕು ಹೊಸ್ತಿಲ ಮೇಲೆ ಕುಸಿದು ಕೂತರು.

"ಇಪ್ಪತ್ತು ವರ್ಷ ಆ ಪುಸ್ತಕದವ್ರಿಗೆ ಬೈದೇನಲ್ಲ ಯವ್ವಾ!"

"ಬ್ಯಾಸರಾ ಆತೇನ್ರಿ?"

"ಯಾಕ? ತಪ್ಪು ಸಿಕ್ತಲ್ಲ! ಸಿಗಲಾರದ ಸತ್ತಿದ್ರ ಬ್ಯಾಸರಾ ಆಗ್ತಿತ್ತು."

ಅವತ್ತು ಶೇಂಗಾ ಹೋಳಿಗೆ ಮಾಡಿದರು. ಪ್ರಕಾಶಕರಿಗೆ ನಾಲ್ಕನೆಯ ಕಾಗದ ಬರೆದರು, ಕ್ಷಮೆ ಕೇಳಿ. ಹೊಸ ಅಳತೆಪಟ್ಟಿ ತರಿಸಿ, ದಿನಾ ಸಂಜೆ ಇಬ್ಬರೂ ಕೂತು ಒಂದೊಂದೇ ಚೀಟಿ ಮತ್ತೆ ಅಳೆದೆವು. ಹಳೆಯ ಹಾಳೆ ಹರಿದು ಹೊಸದಾಗಿ ಬರೆಯೋಣವೆಂದರೆ ಒಪ್ಪಲಿಲ್ಲ. ಹಳೆಯ ಅಂಕಿಗೆ ಕೆಂಪು ಗೆರೆ ಎಳೆದು ಪಕ್ಕದಲ್ಲೇ ಸರಿಯಾದದ್ದು ಬರೆದರು. ಹಾಗೆಯೇ ಪ್ರದರ್ಶನಕ್ಕೂ ಇಟ್ಟರು. ಬಹುಮಾನ ಬರಲಿಲ್ಲ. ಆದರೆ ಜನ ಗುಂಪುಗೂಡಿದ್ದು ಅವರ ಫಲಕದ ಮುಂದೆಯೇ. ಝೆರಾಕ್ಸಿನ ಕಥೆಯನ್ನು ಬಂದವರಿಗೆಲ್ಲ ಕೈಬಾಯಿ ತಿರುಗಿಸಿ ಹೇಳಿ, ಹೇಳಿ, ಸಂಜೆಗೆ ಅವರ ಗಂಟಲು ಕಟ್ಟಿತ್ತು.

ಮುಂದೆ ನಾನು ಬಸವನ ಬಾಗೇವಾಡಿಯಲ್ಲಿ ನನ್ನದೇ ಸಣ್ಣ ಲ್ಯಾಬು ತೆರೆದೆ. ಒಂದು ಮಧ್ಯಾಹ್ನ ರಕ್ತದ ಸಕ್ಕರೆ ಅಳೆಯುವ ಯಂತ್ರ ಹೆಚ್ಚು ತೋರಿಸುತ್ತಿರುವುದು ಗೊತ್ತಾಯಿತು. ಬೆಳಗಿನ ಹನ್ನೊಂದು ಜನ ಆಗಲೇ ವರದಿ ಒಯ್ದಿದ್ದರು. ಹೊಸ ಅಂಗಡಿ, ಹೆಸರು ಕೆಟ್ಟರೆ ಬಾಗಿಲು ಮುಚ್ಚಬೇಕು. ಅಕ್ಕೋರು ಹೊಸ್ತಿಲ ಮೇಲೆ ಕೂತು ನಕ್ಕದ್ದು ನೆನಪಾಯಿತು. ಒಬ್ಬೊಬ್ಬರಿಗೂ ಫೋನು ಮಾಡಿ, "ನನ್ನ ತಪ್ಪಾಗೇತ್ರಿ, ಇನ್ನೊಮ್ಮೆ ಬರ್ರಿ," ಎಂದೆ.

ಸಂಜೆಯೊಳಗೆ ಎಲ್ಲರೂ ಬಂದರು. ಒಬ್ಬ ಮುದುಕರು ಸರಿಯಾದ ವರದಿ ನೋಡಿ, "ನೀ ಹೇಳಲಿಲ್ಲಂದ್ರ ನಾ ಇವತ್ತಿಂದ ಚಾ ಬಿಡ್ತಿದ್ದೆ ತಂಗಿ," ಎಂದು ಅಲ್ಲಿಯೇ ಎಲ್ಲರಿಗೂ ಚಹಾ ತರಿಸಿದರು.

ಅಕ್ಕೋರು ಈಗಿಲ್ಲ. ಆ ಹನ್ನೊಂದು ಜನ ಇವತ್ತಿಗೂ ನನ್ನ ಲ್ಯಾಬಿಗೇ ಬರುತ್ತಾರೆ.